ಬದಲಾಗದ ಕಡತಕ್ಕೂ ಮರ್ಯಾದೆ ಬೇಕು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಜಾವಾ ಸರ್ವ್‌ಲೆಟ್ಟಿನ ವಿಷಯವಾಗಿ ಲೇಖನ ಬರೆಯುತ್ತಾನೆಂದರೆ ನಗುವವರು ಕೆಲವರಿದ್ದಾರು. "ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ಇದೆಲ್ಲ ಏತಕ್ಕಯ್ಯಾ? ಒಂದು ಕವಿತೆ ಬರೆ, ಇಲ್ಲವೆ ಪ್ರವಾಸದ ಕಥೆ ಬರೆ" ಎಂದು ನನ್ನ ಮಿತ್ರನೊಬ್ಬ ಹೇಳಿಯೂ ಹೇಳಿದ. ಅವನ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಕಳೆದ ವರ್ಷ ನಾನು ಮಾಡಿದ ಒಂದು ತಪ್ಪು ಇನ್ನೂ ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ. ಆ ತಪ್ಪಿನಿಂದ ನಾನು ಕಲಿತುದನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡಬೇಕೆಂಬುದೇ ಈ ಬರಹದ ಉದ್ದೇಶ. ವಿಷಯ ತಿಳಿದವರು ನನ್ನ ವಿವರಣೆಯ ಸರಳತೆಯನ್ನು ಮನ್ನಿಸಬೇಕು. ತಿಳಿಯದವರು ಹೆಸರುಗಳಿಗೆ ಹೆದರಬಾರದು.

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಬೇಕಾದ ಪುಸ್ತಕವಿದೆಯೋ ಇಲ್ಲವೋ ಎಂದು ತಿಳಿಯಲು ಇಪ್ಪತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಬರಿಗೈಯಲ್ಲಿ ಹಿಂದಿರುಗುವವರು ನಮ್ಮಲ್ಲಿ ಎಷ್ಟೋ ಮಂದಿ. ಪುಸ್ತಕಗಳ ಪಟ್ಟಿಯನ್ನು ಫೋನಿನಲ್ಲಿಯೇ ನೋಡುವಂತೆ ಮಾಡಿದರೆ ಹೇಗೆಂದು ನಾವು ಮೂವರು ಗೆಳೆಯರು ಯೋಚಿಸಿದೆವು. ಬಿ.ಸಿ.ಎ. ಓದುವವನೊಬ್ಬನ ಹತ್ತಿರ ಸಂಜೆ ಹೊತ್ತು ಜಾವಾ ಕಲಿತು, ಒಂದು ಹಳೆಯ ಕಂಪ್ಯೂಟರಿನಲ್ಲಿ ಟಾಮ್‌ಕ್ಯಾಟ್ ಎಂಬ ತಂತ್ರಾಂಶವನ್ನು ಹಾಕಿ, ಮೂರು ತಿಂಗಳಲ್ಲಿ ಪಟ್ಟಿಯನ್ನು ಸಿದ್ಧಪಡಿಸಿದೆವು. ಜೊತೆಗೆ ಗ್ರಂಥಾಲಯದ ನಿಯಮಗಳನ್ನು ಅಚ್ಚ ಕನ್ನಡದಲ್ಲಿ ಬರೆದ ಒಂದು ಪುಟವನ್ನೂ ಇಟ್ಟೆವು. ನಮ್ಮ ಹೆಮ್ಮೆಗೆ ಪಾರವಿರಲಿಲ್ಲ.

ಒಂದು ತಿಂಗಳು ಕಳೆದಿರಬೇಕು. ಪ್ರಥಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಮೂವತ್ತು ರೂಪಾಯಿ ದಂಡ ಕಟ್ಟಲು ಗ್ರಂಥಾಲಯಕ್ಕೆ ಬಂದಿದ್ದಳು. ರಜೆಗೆ ಮುಂಚೆ ಪುಸ್ತಕ ಹಿಂದಿರುಗಿಸಬೇಕೆಂಬ ನಿಯಮ ಅವಳಿಗೆ ತಿಳಿದಿರಲಿಲ್ಲವಂತೆ. "ನಿಯಮದ ಪುಟ ನೋಡಲಿಲ್ಲವೇನಮ್ಮಾ?" ಎಂದು ಸ್ವಲ್ಪ ಜಂಬದಿಂದಲೇ ಕೇಳಿದೆ. "ನೋಡಿದೆ ಅಣ್ಣಾ. ನಾಲ್ಕನೇದರವರೆಗೆ ಇತ್ತು, ಆಮೇಲೆ ಏನೂ ಇರಲಿಲ್ಲ. ನಮ್ಮ ಫೋನು ಹಳೇದು, ಅದರಲ್ಲಿ ಪೂರ್ತಿ ಬರೋದಿಲ್ಲವೇನೋ. ನನಗೂ ಇದೆಲ್ಲ ಸರಿಯಾಗಿ ನೋಡೋಕೆ ಬರಲ್ಲ" ಎಂದಳು. ನಾವು ಬರೆದ ನಿಯಮಗಳು ಒಟ್ಟು ಹನ್ನೊಂದು. ಸಂಜೆ ನನ್ನ ಫೋನಿನಲ್ಲಿ ಆ ಪುಟವನ್ನು ಕೊನೆಯವರೆಗೆ ಸರಿಸಿ ನೋಡಿದೆ. ಅದರಲ್ಲಿಯೂ ನಾಲ್ಕೇ. ಪುಟದ ಮೇಲ್ಭಾಗ ಚೆನ್ನಾಗಿ ಕಂಡಿತೆಂದು ನಾನು ಅದುವರೆಗೆ ಕೆಳಗೆ ನೋಡಿಯೇ ಇರಲಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಕಚೇರಿಯಲ್ಲಿ ಕಾಗದ ಸಿಗದೆ ಹಿಂದಿರುಗಿದ ದಿನ ನಮ್ಮ ತಂದೆ ಕಚೇರಿಯನ್ನು ದೂರಿದ್ದನ್ನು ನಾನು ಕಾಣೆ. "ನಮಗೆ ಓದು ಬರಲ್ಲ, ನಾವೇ ಸರಿಯಾಗಿ ಕೇಳಲಿಲ್ಲ" ಎನ್ನುತ್ತಿದ್ದರು. ಆ ಹುಡುಗಿಯ ಮಾತಿನಲ್ಲಿ ನನಗೆ ಕೇಳಿಸಿದ್ದು ಅದೇ ಧ್ವನಿ. ಓದಿದವರ ಮನೆಯ ಮಗ ಪುಟ ತೆರೆಯದಿದ್ದರೆ ಪುಟವನ್ನು ಬಯ್ಯುತ್ತಾನೆ. ನಮ್ಮಂಥವರು ನಮ್ಮನ್ನೇ ಬಯ್ದುಕೊಳ್ಳುತ್ತೇವೆ. ಇಂಥವರಿಗಾಗಿ ಪುಟ ಬರೆಯುವವನ ಹೊಣೆ ಎಷ್ಟು ದೊಡ್ಡದೆಂಬುದು ನನಗೆ ಅಂದು ತಿಳಿಯಿತು.

ಹಾಗಾದರೆ ತಪ್ಪು ನಡೆದುದೆಲ್ಲಿ? ಅದನ್ನು ಹೇಳಬೇಕಾದರೆ ವೆಬ್ ತಂತ್ರಾಂಶದ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ತಾಲ್ಲೂಕು ಕಚೇರಿಯೊಂದನ್ನು ಊಹಿಸಿಕೊಳ್ಳಿ. ಅಲ್ಲಿ ಸಿಗುವ ಕಾಗದಗಳು ಎರಡು ಬಗೆ. ನನ್ನ ಜಮೀನಿನ ಪಹಣಿ ಬೇಕೆಂದರೆ ಗುಮಾಸ್ತರು ದಾಖಲೆ ನೋಡಿ ನನಗೆಂದೇ ಸಿದ್ಧಪಡಿಸಿ ಕೊಡಬೇಕು. ಅಚ್ಚಾದ ಅರ್ಜಿ ನಮೂನೆಯಾದರೋ ಎಲ್ಲರಿಗೂ ಒಂದೇ. ಜವಾನನು ಕಟ್ಟಿನಿಂದ ಒಂದನ್ನೆಳೆದು ಕೊಟ್ಟರೆ ಮುಗಿಯಿತು. ಸರ್ವ್‌ಲೆಟ್ ಎಂಬುದು ಗುಮಾಸ್ತರಿದ್ದಂತೆ. ಕೇಳಿದವರಿಗೆ ತಕ್ಕಂತೆ ಉತ್ತರವನ್ನು ಆ ಕ್ಷಣದಲ್ಲಿ ಸಿದ್ಧಪಡಿಸುವ ಜಾವಾ ಕಾರ್ಯಕ್ರಮ ಅದು. ನಿಯಮಗಳ ಪುಟ, ಕಾಲೇಜಿನ ಲಾಂಛನದ ಚಿತ್ರ, ಪುಟದ ಅಂದವನ್ನು ನಿರ್ಧರಿಸುವ ಸಿಎಸ್‌ಎಸ್ ಕಡತ, ಕನ್ನಡ ಅಕ್ಷರಗಳ ಫಾಂಟು ಇವೆಲ್ಲ ಅಚ್ಚಾದ ನಮೂನೆಗಳಿದ್ದಂತೆ. ಯಾರು ಕೇಳಿದರೂ ಅವು ಬದಲಾಗುವುದಿಲ್ಲ. ಇವನ್ನೇ ಸ್ಥಿರ ಕಡತಗಳು ಎನ್ನುತ್ತಾರೆ.

ಸರ್ವ್‌ಲೆಟ್ಟಿನ ಪದ್ಧತಿಯನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ೧೯೯೭ರಲ್ಲಿ ಪ್ರಕಟಿಸಿತು. ಅದನ್ನು ನಡೆಸುವ ಟಾಮ್‌ಕ್ಯಾಟ್ ೧೯೯೯ರಲ್ಲಿ ಅಪಾಚೆ ಪ್ರತಿಷ್ಠಾನದ ಕೈಸೇರಿ ಎಲ್ಲರಿಗೂ ಉಚಿತವಾಗಿ ದೊರೆಯುವಂತಾಯಿತು. ೨೦೨೦ರಲ್ಲಿ ಇದರ ಮನೆತನದ ಹೆಸರು ಜಾವಾಎಕ್ಸ್ ಎಂಬುದರಿಂದ ಜಕಾರ್ತ ಎಂದು ಬದಲಾಯಿತೇ ಹೊರತು ನಾನು ಹೇಳಲಿರುವ ಸಂಗತಿಗಳಾವುವೂ ಬದಲಾಗಲಿಲ್ಲ. ಟಾಮ್‌ಕ್ಯಾಟನ್ನು ರಚಿಸಿದವರು ಅಚ್ಚಾದ ನಮೂನೆಗಳನ್ನು ಹಂಚಲು ಮೊದಲಿನಿಂದಲೂ ಒಬ್ಬ ಜವಾನನನ್ನು ನೇಮಿಸಿಯೇ ಇಟ್ಟಿದ್ದಾರೆ. ಅವನ ಹೆಸರು ಡಿಫಾಲ್ಟ್ ಸರ್ವ್‌ಲೆಟ್. "/" ಎಂಬ ಗುರುತಿನ ಕೆಳಗೆ ಅವನು ಕುಳಿತಿರುತ್ತಾನೆ. ವಿಳಾಸವೊಂದು ಬಂದಾಗ ಅದು ಯಾರ ಪಾಲೆಂದು ತೀರ್ಮಾನಿಸಲು ಒಂದು ಕ್ರಮವುಂಟು: ಮೊದಲು ಅಕ್ಷರಶಃ ಹೊಂದುವ ವಿಳಾಸ, ಆ ಮೇಲೆ ಅತಿ ಉದ್ದವಾಗಿ ಹೊಂದುವ ಹಾದಿ, ಅನಂತರ ಕಡತದ ಹೆಸರಿನ ಬಾಲ, ಯಾವುದೂ ಹೊಂದದಿದ್ದರೆ ಕೊನೆಗೆ ಈ ಡಿಫಾಲ್ಟ್ ಸರ್ವ್‌ಲೆಟ್.

ನಾನು ಮಾಡಿದ ಮೊದಲನೆಯ ತಪ್ಪು ಇಲ್ಲಿಯೇ. ಪುಸ್ತಕ ಪಟ್ಟಿಯ ಸರ್ವ್‌ಲೆಟ್ಟಿಗೆ "/*" ಎಂಬ ಹಾದಿಯನ್ನು ಕೊಟ್ಟುಬಿಟ್ಟೆ. ಆ ನಕ್ಷತ್ರ ಚಿಹ್ನೆಯ ಅರ್ಥ "ಬಂದದ್ದೆಲ್ಲವೂ ನನಗೇ ಬರಲಿ" ಎಂದು. ಹಾದಿಯ ಸರದಿ ಡಿಫಾಲ್ಟ್ ಸರ್ವ್‌ಲೆಟ್ಟಿನ ಸರದಿಗಿಂತ ಮುಂಚಿನದಾದ್ದರಿಂದ ಜವಾನನಿಗೆ ಕೆಲಸವೇ ಬರಲಿಲ್ಲ. ಅಚ್ಚಿನ ನಮೂನೆ ಕೇಳಿದವರನ್ನೂ ಗುಮಾಸ್ತರ ಮುಂದೆಯೇ ನಿಲ್ಲಿಸಿದಂತಾಯಿತು. ಬ್ರೌಸರು ಸಿಎಸ್‌ಎಸ್ ಕಡತವನ್ನು ಕೇಳಿದರೆ ನನ್ನ ಸರ್ವ್‌ಲೆಟ್ಟು ಪುಸ್ತಕಗಳ ಪಟ್ಟಿಯನ್ನೇ ಮತ್ತೊಮ್ಮೆ ಕಳುಹಿಸುತ್ತಿತ್ತು. ಪುಟದ ಅಂದವೆಲ್ಲ ಹೋಗಿ ಬರಿಯ ಅಕ್ಷರಗಳ ರಾಶಿ ಉಳಿಯಿತು. ಪಟ್ಟಿಗೆಂದೇ ಒಂದು ಪ್ರತ್ಯೇಕ ಹಾದಿಯನ್ನು ಕೊಟ್ಟು "/" ಎಂಬುದನ್ನು ಮುಟ್ಟದೆ ಬಿಟ್ಟಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು.

ಆದರೆ ಹಿತ್ತಲ ಗಿಡ ಮದ್ದಲ್ಲವಷ್ಟೆ. ಮನೆಯಲ್ಲಿಯೇ ಇದ್ದ ಜವಾನನನ್ನು ಗುರುತಿಸದೆ, ಕಡತ ಹಂಚುವ ಕೆಲಸವನ್ನು ನಾನೇ ಮಾಡುತ್ತೇನೆಂದು ಹೊರಟು ನೂರ ನಲವತ್ತು ಸಾಲುಗಳ ಸರ್ವ್‌ಲೆಟ್ ಒಂದನ್ನು ಬರೆದೆ. ಅದರಲ್ಲಿ ನಾನು ಮಾಡಿದ ತಪ್ಪುಗಳು ಒಂದೆರಡಲ್ಲ. ಪ್ರತಿಯೊಂದೂ ಬೇರೆಯವರು ಎಂದೋ ಎಡವಿ ಎದ್ದ ಕಲ್ಲು.

ಕಡತವನ್ನು ಕಳುಹಿಸುವಾಗ ಅದರ ಮೇಲೆ ಇದು ಯಾವ ಬಗೆಯದೆಂಬ ಹಣೆಪಟ್ಟಿಯನ್ನು ಅಂಟಿಸಬೇಕು. ನಾನು ಎಲ್ಲಕ್ಕೂ "ಇದು ಎಚ್‌ಟಿಎಂಎಲ್ ಪುಟ" ಎಂದೇ ಅಂಟಿಸಿದ್ದೆ. ಸರಿಯಾದ ಕ್ರಮದಲ್ಲಿ ಬರೆದ ಪುಟಕ್ಕೆ ಅಂಥ ಸುಳ್ಳು ಹಣೆಪಟ್ಟಿಯ ಸಿಎಸ್‌ಎಸ್ ಬಂದರೆ ಈಗಿನ ಬ್ರೌಸರುಗಳು ಅದನ್ನು ತೆರೆದೂ ನೋಡದೆ ಎಸೆಯುತ್ತವೆ. ಯಾವ ಬಾಲದ ಕಡತಕ್ಕೆ ಯಾವ ಹಣೆಪಟ್ಟಿ ಎಂಬ ದೊಡ್ಡ ಕೋಷ್ಟಕ ಟಾಮ್‌ಕ್ಯಾಟ್‌ನಲ್ಲಿ ಸಿದ್ಧವಾಗಿಯೇ ಇದೆ. ಡಿಫಾಲ್ಟ್ ಸರ್ವ್‌ಲೆಟ್ ಅದನ್ನು ತಾನಾಗಿ ನೋಡಿಕೊಳ್ಳುತ್ತದೆ. ಸ್ವಂತವಾಗಿ ಬರೆಯಲೇಬೇಕಾದವನು ಗೆಟ್‌ಮೈಮ್‌ಟೈಪ್ ಎಂಬ ಒಂದೇ ಕರೆಯಿಂದ ಅದನ್ನು ಕೇಳಿ ತಿಳಿಯಬಹುದು. ಇದು ನನಗೆ ಗೊತ್ತಿರಲಿಲ್ಲ.

ಇನ್ನು ಆ ಹುಡುಗಿಗೆ ದಂಡ ಹಾಕಿಸಿದ ತಪ್ಪು. ಕಡತದ ಜೊತೆಗೆ ಅದರ ಉದ್ದವನ್ನೂ ಮೊದಲೇ ತಿಳಿಸುವುದು ವಾಡಿಕೆ. ಉದ್ದವನ್ನು ಬೈಟುಗಳಲ್ಲಿ ಹೇಳಬೇಕು. ನಾನಾದರೋ ಪುಟವನ್ನು ಓದಿ, ಅದರಲ್ಲಿ ಎಷ್ಟು ಅಕ್ಷರಗಳಿವೆಯೆಂದು ಜಾವಾವನ್ನು ಕೇಳಿ, ಆ ಸಂಖ್ಯೆಯನ್ನೇ ಉದ್ದವೆಂದು ಬರೆದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟು. ಆದ್ದರಿಂದ ಇಂಗ್ಲಿಷ್ ಪುಟದಲ್ಲಿ ಈ ತಪ್ಪು ಎಂದೆಂದಿಗೂ ಹೊರಬೀಳುವುದಿಲ್ಲ. ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. "ಕನ್ನಡ" ಎಂಬ ಪದವನ್ನೇ ತೆಗೆದುಕೊಳ್ಳಿ. ಕ, ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ ಎಂದು ಜಾವಾ ಅದನ್ನು ೫ ಎಂದು ಎಣಿಸುತ್ತದೆ. ಆದರೆ ತಂತಿಯ ಮೇಲೆ ಅದು ೧೫ ಬೈಟು. "೫ ಬೈಟು ಕಳುಹಿಸುತ್ತೇನೆ" ಎಂದು ಹೇಳಿದ ಮೇಲೆ ೫ ಆದ ಕೂಡಲೇ ಟಾಮ್‌ಕ್ಯಾಟ್ ಬಾಗಿಲು ಮುಚ್ಚುತ್ತದೆ. ಉಳಿದುದು ಹೋಗುವುದೇ ಇಲ್ಲ. ಹನ್ನೊಂದು ನಿಯಮಗಳಲ್ಲಿ ನಾಲ್ಕು ಮಾತ್ರ ಉಳಿದ ಗುಟ್ಟು ಇದೇ. ಪುಟದೊಳಗಿನ ಇಂಗ್ಲಿಷ್ ಗುರುತುಗಳಿಂದಾಗಿ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ದಕ್ಕಿತ್ತು, ಅಷ್ಟೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ "ಎಲ್ಲ ಸರಿಯಾಗಿದೆ" ಎನ್ನುವವನು ಕನ್ನಡದ ಓದುಗನಿಗೆ ಎಂಥ ಅನ್ಯಾಯ ಮಾಡಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೂರನೆಯ ತಪ್ಪನ್ನು ಕಂಡುಹಿಡಿದವರು ನಮ್ಮ ಉಪನ್ಯಾಸಕರೊಬ್ಬರು. ಪ್ರತಿಯೊಂದು ಸರ್ವ್‌ಲೆಟ್ ತಂತ್ರಾಂಶದಲ್ಲಿಯೂ ವೆಬ್-ಇನ್ಫ್ ಎಂಬ ಒಳಕೋಣೆಯಿರುತ್ತದೆ. ವ್ಯವಸ್ಥೆಯ ಕಾಗದಪತ್ರಗಳೆಲ್ಲ ಅಲ್ಲಿರುತ್ತವೆ. ಹೊರಗಿನವರು ನೇರವಾಗಿ ಕೇಳಿದರೆ ಟಾಮ್‌ಕ್ಯಾಟ್ ಅದರೊಳಗಿನ ಯಾವ ಕಡತವನ್ನೂ ಕೊಡುವುದಿಲ್ಲ. ನಾನು ಬರೆದ ಸರ್ವ್‌ಲೆಟ್ ಕೇಳಿದ ಹೆಸರಿನ ಕಡತವನ್ನು ಪೂರ್ವಾಪರ ವಿಚಾರಿಸದೆ ಒಳಗಿನಿಂದ ತಂದುಕೊಡುತ್ತಿತ್ತು. ಒಳಗಿನವನೇ ಕೇಳಿದಾಗ ಟಾಮ್‌ಕ್ಯಾಟ್ ತಡೆಯುವುದಿಲ್ಲ. ಮೇಷ್ಟ್ರು ವಿಳಾಸದಲ್ಲಿ ಒಳಕೋಣೆಯ ಹೆಸರನ್ನು ಬರೆದು ಒತ್ತಿದರು. ನಮ್ಮ ದತ್ತಾಂಶದ ಗುಪ್ತಪದವಿದ್ದ ಕಡತ ಪರದೆಯ ಮೇಲೆ ಬಂದು ನಿಂತಿತು. "ಏನಪ್ಪಾ, ಬೀರುವಿನ ಬೀಗದ ಕೈಯನ್ನು ಬೀದಿ ಬಾಗಿಲಿಗೇ ತೂಗುಹಾಕಿದ್ದೀಯಲ್ಲ!" ಎಂದು ನಕ್ಕರು. ನನಗೆ ನಗು ಬರಲಿಲ್ಲ. "../" ಎಂದು ಬರೆದು ಒಂದೊಂದೇ ಮೆಟ್ಟಿಲು ಮೇಲೇರಿ ಕಂಪ್ಯೂಟರಿನ ಬೇರೆ ಕಡತಗಳನ್ನು ಕದಿಯುವ ಹಳೆಯ ಉಪಾಯವೂ ಇದೇ ಜಾತಿಯದು. ಕೇಳಿದ ಹೆಸರನ್ನು ಪರೀಕ್ಷಿಸದೆ ಡಿಸ್ಕಿನಿಂದ ಕಡತ ತೆಗೆದುಕೊಡುವ ಯಾವ ಕಾರ್ಯಕ್ರಮವೂ ಈ ಕಳ್ಳತನಕ್ಕೆ ತುತ್ತಾಗಬಹುದು.

ಬಾಗಿಲಿನ ಮಾತು ಬಂದುದರಿಂದ ಕಾವಲುಗಾರನ ಮಾತನ್ನೂ ಹೇಳಿಬಿಡುತ್ತೇನೆ. ಪುಸ್ತಕ ಕೊಡುವ-ಪಡೆಯುವ ಲೆಕ್ಕ ಬರೆಯುವವರು ಮಾತ್ರ ಒಳಗೆ ಬರಲೆಂದು ನಾವು ಫಿಲ್ಟರ್ ಎಂಬ ಕಾವಲನ್ನು ಇಟ್ಟಿದ್ದೆವು. ಅದಕ್ಕೂ ಅದೇ "/*". ಪರಿಣಾಮವಾಗಿ, ಒಳಗೆ ಬರಲು ಹೆಸರು ಬರೆಯುವ ಪುಟದ ಸಿಎಸ್‌ಎಸ್ ಕಡತವನ್ನು ಕೇಳಿದರೂ "ಮೊದಲು ಹೆಸರು ಬರೆ" ಎಂದು ಅದೇ ಪುಟಕ್ಕೆ ಅಟ್ಟುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು. ಗುಟ್ಟಿಲ್ಲದ ಕಡತಗಳನ್ನು ಬೇರೊಂದು ಹಾದಿಯಲ್ಲಿಟ್ಟು, ಕಾವಲನ್ನು ಕಾಯಬೇಕಾದ ಬಾಗಿಲಿಗೆ ಮಾತ್ರ ಹಾಕಿದರೆ ಈ ತೊಂದರೆಯಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮಂಥವರ ಜೇಬಿಗೆ ತಟ್ಟುವ ತಪ್ಪನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಒಮ್ಮೆ ತೆಗೆದುಕೊಂಡ ಕಡತವನ್ನು ಬ್ರೌಸರು ತನ್ನಲ್ಲಿ ಇಟ್ಟುಕೊಳ್ಳಬಲ್ಲದು. ಮುಂದಿನ ಸಲ "ಇಂಥ ದಿನ ಇಂಥ ಹೊತ್ತಿನ ಪ್ರತಿ ನನ್ನಲ್ಲಿದೆ, ಆ ಮೇಲೆ ಬದಲಾಗಿದೆಯೇ?" ಎಂದು ಕೇಳುತ್ತದೆ. ಬದಲಾಗದಿದ್ದರೆ ೩೦೪ ಎಂಬ ಸಂಖ್ಯೆಯನ್ನಷ್ಟೇ ಉತ್ತರವಾಗಿ ಕಳುಹಿಸಿದರೆ ಸಾಕು, ಕಡತವನ್ನು ಕಳುಹಿಸಬೇಕಿಲ್ಲ. ಈ ಉಪಕಾರದ ಪದ್ಧತಿ ೧೯೯೬ರ ಎಚ್‌ಟಿಟಿಪಿ ೧.೦ ನಿಬಂಧನೆಯಲ್ಲಿಯೇ ಇದೆ. ಡಿಫಾಲ್ಟ್ ಸರ್ವ್‌ಲೆಟ್ ಅದನ್ನು ತಾನಾಗಿ ಪಾಲಿಸುತ್ತದೆ. ಸ್ವಂತ ಸರ್ವ್‌ಲೆಟ್ ಬರೆಯುವವನಿಗೂ ಜಾವಾದಲ್ಲಿ ಗೆಟ್‌ಲಾಸ್ಟ್‌ಮಾಡಿಫೈಡ್ ಎಂಬ ಅನುಕೂಲವಿದೆ. ಅದನ್ನು ತುಂಬದೆ ಬಿಟ್ಟರೆ ಅದು "-೧", ಅಂದರೆ "ಗೊತ್ತಿಲ್ಲ", ಎಂದೇ ಹೇಳುತ್ತಿರುತ್ತದೆ. ನನ್ನದು ಹಾಗೆಯೇ ಹೇಳುತ್ತಿತ್ತು.

ಇದರ ಲೆಕ್ಕವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹಾಕಿ ನೋಡಿದೆ. ಕನ್ನಡದ ಫಾಂಟೊಂದು ೨೦೦ ಕಿಲೋಬೈಟ್ ಇದೆಯೆನ್ನೋಣ. ೩೦೦ ವಿದ್ಯಾರ್ಥಿಗಳು ದಿನಕ್ಕೆ ಹತ್ತು ಪುಟ ತೆರೆದು, ಪ್ರತಿ ಪುಟಕ್ಕೂ ಫಾಂಟು ಹೊಸದಾಗಿ ಬಂದರೆ ದಿನವೊಂದಕ್ಕೆ ೬೦೦ ಮೆಗಾಬೈಟ್ ಹೋಯಿತು. ಒಂದೇ ಸಲ ಬಂದರೆ ೬೦ ಮೆಗಾಬೈಟ್. ಉಳಿದ ೫೪೦ನ್ನು ಹೊತ್ತವರು ಯಾರು? ಮನೆಮಂದಿಗೆಲ್ಲ ಒಂದೇ ಫೋನಿಟ್ಟುಕೊಂಡು, ದಿನದ ಡೇಟಾ ಮುಗಿಯದಂತೆ ಅಳೆದು ಬಳಸುವವರು. ಸಿಗ್ನಲ್ಲಿಗಾಗಿ ಮನೆಯ ಮಾಳಿಗೆ ಹತ್ತುವವರು. ಕಾರ್ಯಕ್ರಮ ಬರೆದವನ ಸೋಮಾರಿತನಕ್ಕೆ ಹಣ ಕೊಟ್ಟವರು ಅವರು. ಎಂದೂ ಬದಲಾಗದ ಫಾಂಟಿನಂಥ ಕಡತಗಳ ಹೆಸರಿನಲ್ಲಿಯೇ ಆವೃತ್ತಿಯ ಸಂಖ್ಯೆಯನ್ನು ಸೇರಿಸಿ, "ಒಂದು ವರ್ಷದವರೆಗೆ ಮತ್ತೆ ಕೇಳಲೇಬೇಡ" ಎಂದು ಬ್ರೌಸರಿಗೆ ಹೇಳಿಬಿಡಬಹುದು. ಅದಕ್ಕಾಗಿ ಟಾಮ್‌ಕ್ಯಾಟ್‌ನಲ್ಲಿ ಎಕ್ಸ್‌ಪೈರ್ಸ್ ಫಿಲ್ಟರ್ ಎಂಬುದೊಂದಿದೆ. ಕಡತ ಬದಲಾದ ದಿನ ಹೆಸರಿನ ಸಂಖ್ಯೆಯನ್ನು ಬದಲಾಯಿಸಿದರಾಯಿತು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಎಂಜಿನ್‌ಎಕ್ಸ್‌ನಂಥ ಬೇರೊಂದು ಸರ್ವರನ್ನು ಮುಂದಿಟ್ಟು ಸ್ಥಿರ ಕಡತಗಳನ್ನೆಲ್ಲ ಅದರಿಂದಲೇ ಕೊಡಿಸುತ್ತಾರೆ, ಸರ್ವ್‌ಲೆಟ್ಟಿನವರೆಗೆ ಅವು ಬರುವುದೇ ಇಲ್ಲ ಎನ್ನಬಹುದು. ಒಪ್ಪಿದೆ. ಆದರೆ ಒಂದೇ ಕಂಪ್ಯೂಟರಿರುವ ನಮ್ಮಂಥ ಕಡೆ ಡಿಫಾಲ್ಟ್ ಸರ್ವ್‌ಲೆಟ್ ಧಾರಾಳವಾಗಿ ಸಾಕು. ಅಲ್ಲದೆ ಮುಂದೆ ಯಾರೇ ಕುಳಿತಿರಲಿ, ಹಣೆಪಟ್ಟಿ, ಉದ್ದ, ೩೦೪ ಈ ಮೂರರ ನೀತಿ ಒಂದೇ. ಮತ್ತೊಂದು ಆಕ್ಷೇಪಣೆ ಇನ್ನೂ ಗಟ್ಟಿಯಾದುದು: ಡಿಫಾಲ್ಟ್ ಸರ್ವ್‌ಲೆಟ್‌ನಲ್ಲಿಯೂ ದೋಷಗಳು ಕಂಡುಬಂದಿಲ್ಲವೇ? ಬಂದಿವೆ. ೨೦೨೫ರ ಮಾರ್ಚಿಯಲ್ಲಿ ಅಪಾಚೆಯವರು ಅಂಥ ಗಂಡಾಂತರವೊಂದನ್ನು ತಾವೇ ಪ್ರಕಟಿಸಿದರು. ಆದರೆ ಹೊರಗಿನವರು ಕಡತ ಬರೆಯಬಹುದೆಂಬ ಅನುಮತಿಯನ್ನು ಕೈಯಾರೆ ಕೊಟ್ಟಿದ್ದವರಿಗೆ ಮಾತ್ರ ಅದರ ಭಯವಿತ್ತು. ಮೊದಲಿನಿಂದ ಬಂದ ಏರ್ಪಾಡಿನಲ್ಲಿ ಆ ಅನುಮತಿ ಇರುವುದೇ ಇಲ್ಲ. ಅದೂ ಅಲ್ಲದೆ ಆ ದೋಷವನ್ನು ಹುಡುಕಿ, ತಿದ್ದಿ, ಹೊಸ ಆವೃತ್ತಿಯನ್ನು ಹೊರತರಲು ಅಲ್ಲಿ ಜನರಿದ್ದಾರೆ. ನನ್ನ ನೂರ ನಲವತ್ತು ಸಾಲುಗಳನ್ನು ತಿದ್ದಲು ನಾನೊಬ್ಬನೇ, ನಾನು ಬಿ.ಎ. ಮುಗಿಸಿ ಹೋದ ಮೇಲೆ ಅದೂ ಇಲ್ಲ.

ಹಾಗೆಂದು ಸ್ವಂತವಾಗಿ ಏನನ್ನೂ ಬರೆಯಲೇಕೂಡದೆಂದು ನಾನು ಹೇಳುತ್ತಿಲ್ಲ. ಕಲಿಯಲು ಬರೆಯಬೇಕು. ಬರೆದು ಮುರಿದದ್ದರಿಂದಲೇ ನನಗೆ ಇಷ್ಟು ತಿಳಿಯಿತು. ಆದರೆ ಕಲಿಯಲು ಬರೆದುದನ್ನು ಇನ್ನೊಬ್ಬರ ಉಪಯೋಗಕ್ಕೆ ಇಡುವ ಮುನ್ನ, ಇದಕ್ಕಿಂತ ಮೇಲಾದುದು ಮನೆಯಲ್ಲಿಯೇ ಇದೆಯೇ ಎಂದು ಒಮ್ಮೆ ನೋಡಬೇಕು. ನಾವು ಆ ಸಾಲುಗಳನ್ನೆಲ್ಲ ಅಳಿಸಿದೆವು. ಪಟ್ಟಿಗೆ ಅದರ ಹಾದಿ, ಜವಾನನಿಗೆ ಅವನ ಜಾಗ ಕೊಟ್ಟೆವು, ಗುಪ್ತಪದವನ್ನೂ ಬದಲಾಯಿಸಿದೆವು. ಅಂದು ಸಂಜೆಯೇ ನಿಯಮಗಳು ಹನ್ನೊಂದೂ ಕಾಣಿಸಿದುವು. ಮೂವರೂ ಹತ್ತು ಹತ್ತು ರೂಪಾಯಿ ಸೇರಿಸಿ ಆ ಹುಡುಗಿಗೆ ಕೊಡಹೋದೆವು. ಅವಳು ತೆಗೆದುಕೊಳ್ಳಲಿಲ್ಲ. "ನಮ್ಮ ಫೋನು ಸರಿಯಾಗೇ ಇದೆ ಅಂತಾಯಿತಲ್ಲ ಅಣ್ಣಾ" ಎಂದು ಮಾತ್ರ ಹೇಳಿದಳು.

ಕೊನೆಯದಾಗಿ ಎರಡು ವಿನಂತಿಗಳು. ಮೊದಲನೆಯದು ಗುರುಗಳಲ್ಲಿ. ವಿದ್ಯಾರ್ಥಿಗಳು ಸಿದ್ಧಪಡಿಸಿದ ವೆಬ್ ತಂತ್ರಾಂಶವನ್ನು ಪರೀಕ್ಷಿಸುವಾಗ ತೆರೆಯ ಮೇಲಿನ ಅಂದವನ್ನು ನೋಡಿ ಅಂಕ ಕೊಟ್ಟು ಮುಗಿಸಬೇಡಿ. "ಇದೇ ಪುಟವನ್ನು ಎರಡನೆಯ ಸಲ ತೆರೆದರೆ ಎಷ್ಟು ಬೈಟು ಬರುತ್ತದೆ? ವೆಬ್-ಇನ್ಫ್ ತೆರೆಯುತ್ತದೆಯೇ? ಕನ್ನಡದ ಪುಟ ಕೊನೆಯವರೆಗೆ ಬರುತ್ತದೆಯೇ?" ಎಂದು ಮೂರು ಪ್ರಶ್ನೆ ಕೇಳಿ. ಬ್ರೌಸರಿನಲ್ಲಿಯೇ ಇದನ್ನು ನೋಡುವ ಸಾಧನವಿದೆ. ಐದು ನಿಮಿಷ ಸಾಕು. ಎರಡನೆಯದು ನನ್ನ ಸಹಪಾಠಿಗಳಲ್ಲಿ. ನಮ್ಮಲ್ಲಿ ಯಾರಾದರೂ ಮುಂದೆ ಇಂಥ ಕೆಲಸಕ್ಕೆ ಕೈಹಾಕಿದರೆ, ಅದನ್ನು ಮನೆಯ ಅತಿ ಹಳೆಯ ಫೋನಿನಲ್ಲಿ, ಸಿಗ್ನಲ್ ಸರಿಯಿಲ್ಲದ ಊರಿನಲ್ಲಿ, ಕನ್ನಡದಲ್ಲಿ, ಪುಟದ ಕೊನೆಯ ಸಾಲಿನವರೆಗೆ ನೋಡಿರಿ. ನಾನು ನೋಡಲಿಲ್ಲ. ನೋಡಿದ್ದರೆ ಆ ಹುಡುಗಿಗೆ ಮೂವತ್ತು ರೂಪಾಯಿ ಉಳಿಯುತ್ತಿತ್ತು.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ